ಬಾಖ್ ಮನೆಯ ವಾರ, ಲೈಪ್‌ಜಿಗ್ ಚರ್ಚಿನ ಭಾನುವಾರ

ಪ್ರಶ್ನೆ: ನಾನು ಮಂಗಳೂರಿನ ಒಂದು ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತೇನೆ. ಜರ್ಮನ್ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಲೂಥರನ್ ಚರ್ಚಿಗಾಗಿ, ಎಂದರೆ ಮಾರ್ಟಿನ್ ಲೂಥರ್‌ನ ಪ್ರೊಟೆಸ್ಟಂಟ್ ಪಂಥಕ್ಕಾಗಿ, ಅಪಾರ ಭಕ್ತಿಸಂಗೀತ ರಚಿಸಿದನೆಂದೂ ಅವನಿಗೆ ಇಪ್ಪತ್ತು ಮಕ್ಕಳಿದ್ದರೆಂದೂ ಓದಿದ್ದೇನೆ. ಅಂಥ ಮನೆಯಲ್ಲಿ ರಚನೆಗೆ ಬೇಕಾದ ಏಕಾಂತ ಅವನಿಗೆ ಹೇಗೆ ಸಿಕ್ಕಿತು? ಅವನ ಮನೆವಾರ್ತೆಯೂ ಚರ್ಚಿನ ಕೆಲಸವೂ ದಿನನಿತ್ಯ ಹೇಗೆ ನಡೆಯುತ್ತಿದ್ದವು? ನಾವು ಹಾಡುವ ಕನ್ನಡ ಗೀತೆಗಳಿಗೂ ಅವನಿಗೂ ಏನಾದರೂ ನಂಟಿದೆಯೇ?

ಉತ್ತರ: ಬಾಖ್‌ಗೆ ಏಕಾಂತ ಸಿಗಲಿಲ್ಲ; ಅವನ ಕೆಲಸದ ಬಗೆ ನೋಡಿದರೆ ಅದನ್ನು ಅವನು ಬಹಳವಾಗಿ ಬಯಸಿದಂತೆಯೂ ತೋರುವುದಿಲ್ಲ. ಒಬ್ಬನೇ ಕುಳಿತು ಪ್ರೇರಣೆಗಾಗಿ ಕಾಯುವ ಕಲಾವಿದನ ಚಿತ್ರ ಹತ್ತೊಂಬತ್ತನೆಯ ಶತಮಾನದವರು ಬರೆದದ್ದು. ಅದನ್ನು ಹದಿನೆಂಟನೆಯ ಶತಮಾನದಲ್ಲಿ ಅವನು ಕೆಲಸ ಮಾಡಿದ ಜರ್ಮನಿಯ ಲೈಪ್‌ಜಿಗ್ ನಗರದ ಮೇಲೆ ಹೇರಿದರೆ ಆ ಸಂಗೀತ ಹುಟ್ಟಿದ ಬಗೆಯೇ ಕಾಣದೆ ಹೋಗುತ್ತದೆ. ಅಲ್ಲಿ ಬಾಖ್‌ನ ಮನೆ, ಅವನು ಪಾಠ ಹೇಳುತ್ತಿದ್ದ ಶಾಲೆ, ಅವನು ಸಂಗೀತ ನಡೆಸುತ್ತಿದ್ದ ಸಂತ ತೋಮನ ಚರ್ಚು ಮೂರೂ ಒಂದೇ ಅಂಗಳಕ್ಕೆ ಮುಖಮಾಡಿದ್ದವು. ಭಾನುವಾರ ಸಭೆಯವರು ಕೇಳುತ್ತಿದ್ದ ಸಂಗೀತದ ಹಾಳೆಗಳು ವಾರವಿಡೀ ಆ ಮನೆಯಲ್ಲಿಯೇ, ಹೆಂಡತಿ, ಮಕ್ಕಳು ಮತ್ತು ಶಿಷ್ಯರ ಕೈಯಲ್ಲಿ ಸಿದ್ಧವಾಗುತ್ತಿದ್ದವು. ಆದ್ದರಿಂದ ಮನೆವಾರ್ತೆ ಒಂದು ಕಡೆ, ಚರ್ಚು ಇನ್ನೊಂದು ಕಡೆ ಎಂದು ವಿಂಗಡಿಸಿ ಹೇಳುವುದು ನನ್ನಿಂದಾಗದು.

ಇಪ್ಪತ್ತು ಮಕ್ಕಳ ಮಾತಿಗೆ ಒಂದು ಸಣ್ಣ ತಿದ್ದುಪಡಿ ಬೇಕು. 1707ರಲ್ಲಿ ಮದುವೆಯಾದ ಮರಿಯಾ ಬಾರ್ಬರಾಳಲ್ಲಿ ಏಳು, 1721ರ ಡಿಸೆಂಬರಿನಲ್ಲಿ ಮದುವೆಯಾದ ಅನ್ನಾ ಮಗ್ದಲೇನಾಳಲ್ಲಿ ಹದಿಮೂರು ಮಕ್ಕಳು ಹುಟ್ಟಿದ್ದು ನಿಜ. ಆದರೆ ಬೆಳೆದು ದೊಡ್ಡವರಾದವರು ಹತ್ತು ಮಂದಿ ಮಾತ್ರ. 1726ರಿಂದ 1733ರವರೆಗಿನ ಎಂಟು ವರ್ಷಗಳಲ್ಲಿ ಲೈಪ್‌ಜಿಗ್‌ನ ಆ ಮನೆಯವರು ಏಳು ಮಕ್ಕಳನ್ನು ಮಣ್ಣುಮಾಡಿದರು. ಅವರಲ್ಲಿ ಮೂವರು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡವರು. ಮಗು ಹುಟ್ಟಿದ ಒಂದೆರಡು ದಿನಗಳಲ್ಲಿಯೇ ದೀಕ್ಷಾಸ್ನಾನ ಮಾಡಿಸುವ ರೂಢಿ ಏಕಿತ್ತೆಂಬುದು ಇದರಿಂದ ಅರ್ಥವಾಗುತ್ತದೆ. ಮರಿಯಾ ಬಾರ್ಬರಾ ತೀರಿಕೊಂಡದ್ದು 1720ರ ಜುಲೈಯಲ್ಲಿ, ಬಾಖ್ ತಾನು ಆಗ ಸೇವೆಯಲ್ಲಿದ್ದ ದೊರೆಯ ಪರಿವಾರದೊಡನೆ ಕಾರ್ಲ್ಸ್‌ಬಾಡ್ ಎಂಬ ಊರಿಗೆ ಹೋಗಿದ್ದಾಗ. ಅವನು ಹಿಂದಿರುಗುವಷ್ಟರಲ್ಲಿ ಆಕೆಯನ್ನು ಸಮಾಧಿ ಮಾಡಿಯಾಗಿತ್ತು. ಸ್ವತಃ ಬಾಖ್ ಕೂಡ ಹತ್ತು ತುಂಬುವುದರೊಳಗೆ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು ಅಣ್ಣನ ಆಶ್ರಯದಲ್ಲಿ ಬೆಳೆದವನು. ಅವನ ಸಂಗೀತದಲ್ಲಿ ಸಾವಿನ ಮಾತು ಪದೇ ಪದೇ ಬರುವುದನ್ನು ಕೆಲವರು ವಿಚಿತ್ರವೆಂಬಂತೆ ನೋಡುತ್ತಾರೆ. ಆ ಕಾಲದ ಯಾವ ಮನೆಗೂ ಅದು ವಿಚಿತ್ರವಾಗಿರಲಿಲ್ಲ.

ಲೈಪ್‌ಜಿಗ್‌ಗೆ ಬರುವ ಮೊದಲು ಬಾಖ್ ಕ್ಯೋಟನ್ ಎಂಬ ಸಣ್ಣ ಸಂಸ್ಥಾನದಲ್ಲಿ ಆಸ್ಥಾನದ ಸಂಗೀತ ನಿರ್ದೇಶಕನಾಗಿದ್ದ. ಸಂಗೀತಪ್ರಿಯನಾದ ಆ ದೊರೆ ಪ್ರೊಟೆಸ್ಟಂಟರಲ್ಲೇ ಬೇರೆಯಾದ ಕ್ಯಾಲ್ವಿನ್ ಪಂಥದವನಾಗಿದ್ದುದರಿಂದ ಅಲ್ಲಿನ ಆಸ್ಥಾನದ ಆರಾಧನೆಯಲ್ಲಿ ದೊಡ್ಡ ಸಂಗೀತಕ್ಕೆ ಸ್ಥಾನವಿರಲಿಲ್ಲ. ಬಾಖ್ ಕುಟುಂಬ ಊರಿನ ಲೂಥರನ್ ಚರ್ಚಿಗೆ ಹೋಗುತ್ತಿತ್ತು, ಮಕ್ಕಳು ಲೂಥರನ್ ಶಾಲೆಯಲ್ಲಿ ಓದುತ್ತಿದ್ದರು. ಆಸ್ಥಾನದ ಹುದ್ದೆಯಿಂದ ಶಾಲೆಯ ಹುದ್ದೆಗೆ ಇಳಿಯುವುದು ಅಂದಿನ ಲೆಕ್ಕದಲ್ಲಿ ಮೆಟ್ಟಿಲು ಇಳಿದಂತೆಯೇ. ಹಾಗಿದ್ದೂ ಬಾಖ್ ಬಂದದ್ದಕ್ಕೆ ಗಂಡುಮಕ್ಕಳ ವಿದ್ಯಾಭ್ಯಾಸ ಒಂದು ಮುಖ್ಯ ಕಾರಣವೆಂದು ಅವನೇ ಬರೆದಿದ್ದಾನೆ: ಲೈಪ್‌ಜಿಗ್‌ನಲ್ಲಿ ವಿಶ್ವವಿದ್ಯಾಲಯವಿತ್ತು. 1723ರ ಮೇ 22ರಂದು ನಾಲ್ಕು ಗಾಡಿ ಸಾಮಾನು, ಎರಡು ಸಾರೋಟುಗಳಲ್ಲಿ ಮನೆಮಂದಿ ಬಂದಿಳಿದದ್ದು ಅಂದಿನ ಪತ್ರಿಕೆಯಲ್ಲಿ ವರದಿಯಾಗಿದೆ. ಅವನಿಗೆ ಸಿಕ್ಕ ಹುದ್ದೆ ತೋಮನ ಶಾಲೆಯ ಕಾಂಟೊರ್, ಅಂದರೆ ಶಾಲೆಯ ಸಂಗೀತ ಶಿಕ್ಷಕ. ಅದರ ಜೊತೆಗೆ ನಗರದ ನಾಲ್ಕು ಚರ್ಚುಗಳ ಸಂಗೀತದ ಹೊಣೆ.

ಶಾಲಾ ಕಟ್ಟಡದ ದಕ್ಷಿಣ ಭಾಗದಲ್ಲಿ ಕಾಂಟೊರ್‌ನ ಬಿಡಾರ. ಗೋಡೆಯ ಆಚೆಗೆ ಐವತ್ತಕ್ಕೂ ಹೆಚ್ಚು ಹುಡುಗರ ವಸತಿ, ತರಗತಿ, ಗದ್ದಲ. ಗೋಡೆಯ ಈಚೆಗೆ ಇದ್ದವರು ಯಾರೆಲ್ಲ ಎಂದರೆ, ದಂಪತಿಗಳು, ಎರಡು ಮದುವೆಗಳ ಮಕ್ಕಳು, 1729ರಲ್ಲಿ ತಾನು ಸಾಯುವ ತನಕ ಮನೆಯವಳಾಗಿಯೇ ಉಳಿದಿದ್ದ ಮರಿಯಾ ಬಾರ್ಬರಾಳ ಅಕ್ಕ, ಓದಲು ಬಂದ ಅಣ್ಣನ ಮಗ, ಶಿಷ್ಯರು, ಮುಂದೆ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳುತ್ತ ಬಾಖ್‌ನ ಪತ್ರವ್ಯವಹಾರವನ್ನೂ ನೋಡಿಕೊಂಡ ದಾಯಾದಿ ಯೋಹಾನ್ ಎಲಿಯಾಸ್. ಇದಲ್ಲದೆ ಊರಿಗೆ ಬಂದ ಯಾವ ಸಂಗೀತಗಾರನೂ ಬಾಖ್‌ನನ್ನು ಕಾಣದೆ ಹೋಗುತ್ತಿರಲಿಲ್ಲ. ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಎಷ್ಟೋ ವರ್ಷಗಳ ನಂತರ ತಂದೆಯ ಮನೆಯನ್ನು ನೆನೆದು ಅದನ್ನು ಪಾರಿವಾಳದ ಗೂಡಿಗೆ ಹೋಲಿಸಿದ. ಈ ಸಂದಣಿಯ ನಡುವೆಯೇ ಬಾಖ್‌ನ ಕೆಲಸದ ಕೋಣೆ ಇತ್ತು.

ಶಾಲೆಯ ಕೆಲಸ ಹಗುರವಾದುದಲ್ಲ. ನಾಲ್ಕು ವಾರಕ್ಕೊಮ್ಮೆ ಹಾಸ್ಟೆಲಿನ ಉಸ್ತುವಾರಿ ಕಾಂಟೊರ್‌ನ ಪಾಲಿಗೆ ಬರುತ್ತಿತ್ತು. ಆ ವಾರವಿಡೀ ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಆರು ಗಂಟೆಗೆ ಹುಡುಗರನ್ನು ಎಬ್ಬಿಸಿ ಪ್ರಾರ್ಥನೆ ನಡೆಸುವುದರಿಂದ ಹಿಡಿದು ಊಟ, ಶಿಸ್ತು, ರಾತ್ರಿ ಎಲ್ಲರೂ ಮಲಗಿದರೇ ಎಂದು ನೋಡುವವರೆಗೆ ಅವನದೇ ಜವಾಬ್ದಾರಿ. ಲ್ಯಾಟಿನ್ ಪಾಠವೂ ಹುದ್ದೆಯ ಕರಾರಿನಲ್ಲಿ ಸೇರಿತ್ತು. ಅದೊಂದನ್ನು ಮಾತ್ರ ಬಾಖ್ ವರ್ಷಕ್ಕೆ 50 ಥಾಲರ್ (ಆ ಕಾಲದ ಬೆಳ್ಳಿ ನಾಣ್ಯ) ಕೈಯಿಂದ ಕೊಟ್ಟು ಸಹೋದ್ಯೋಗಿಯೊಬ್ಬರಿಗೆ ವಹಿಸಿದ.

ಇನ್ನು ವಾರದ ನಿಜವಾದ ಕೆಲಸಕ್ಕೆ ಬರೋಣ. ಲೈಪ್‌ಜಿಗ್‌ನ ಎರಡು ಮುಖ್ಯ ಚರ್ಚುಗಳಾದ ಸಂತ ತೋಮನ ಚರ್ಚು ಮತ್ತು ಸಂತ ನಿಕೊಲಾಸನ ಚರ್ಚುಗಳಲ್ಲಿ, ಒಂದು ವಾರ ಇಲ್ಲಿ ಮತ್ತೊಂದು ವಾರ ಅಲ್ಲಿ ಎಂಬಂತೆ, ಭಾನುವಾರದ ಆರಾಧನೆಗೆ ಒಂದು ಕ್ಯಾಂಟಾಟಾ ಬೇಕಿತ್ತು. ಆ ದಿನದ ಸುವಾರ್ತಾ ವಾಕ್ಯವನ್ನು ಗಾಯಕರೂ ವಾದ್ಯಗಾರರೂ ಸೇರಿ ಇಪ್ಪತ್ತು ಇಪ್ಪತ್ತೈದು ನಿಮಿಷ ಸಂಗೀತದಲ್ಲಿ ವಿವರಿಸುವ ರಚನೆ ಅದು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಕೊನೆಯ ಮೂರು ಭಾನುವಾರಗಳನ್ನೂ ಈಸ್ಟರ್‌ಗೆ ಮುಂಚಿನ ಶ್ರಮೆಗಳ ಕಾಲವನ್ನೂ ಬಿಟ್ಟು, ಹಬ್ಬಗಳನ್ನು ಸೇರಿಸಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಅರವತ್ತು ಕ್ಯಾಂಟಾಟಾ. ಮೊದಲ ಕೆಲವು ವರ್ಷ ಬಾಖ್ ಇವುಗಳಲ್ಲಿ ಹೆಚ್ಚಿನವನ್ನು ಹೊಸದಾಗಿಯೇ ಬರೆದ. 1724ರ ಜೂನ್‌ನಿಂದ ಮುಂದಿನ ವರ್ಷದ ವಸಂತದವರೆಗೆ ಬರೆದ ಸುಮಾರು ನಲವತ್ತು ಕ್ಯಾಂಟಾಟಾಗಳಲ್ಲಿ ಪ್ರತಿಯೊಂದಕ್ಕೂ ಸಭೆಯವರಿಗೆ ಚೆನ್ನಾಗಿ ಗೊತ್ತಿದ್ದ ಒಂದೊಂದು ಲೂಥರನ್ ಕೋರಲ್, ಎಂದರೆ ಸಭೆ ಹಾಡುವ ಸ್ತೋತ್ರಗೀತೆ, ಆಧಾರವಾಗಿದೆ.

ಬಾಖ್ ಮೂಲಪ್ರತಿಯನ್ನು ಬರೆದು ಮುಗಿಸಿದರೆ ಕೆಲಸ ಅರ್ಧವಾದಂತೆ. ಒಬ್ಬೊಬ್ಬ ಗಾಯಕನಿಗೂ ವಾದ್ಯಗಾರನಿಗೂ ಅವನವನ ಪಾಲಿನ ಸಂಗೀತವನ್ನು ಬೇರೆ ಬೇರೆ ಹಾಳೆಯಲ್ಲಿ ಇಳಿಸಬೇಕು; ಅಚ್ಚು ಹಾಕಿಸುವ ಮಾತೇ ಇಲ್ಲ. ಉಳಿದುಬಂದಿರುವ ಹಾಳೆಗಳ ಕೈಬರಹವನ್ನು ವಿದ್ವಾಂಸರು ಒಂದೊಂದಾಗಿ ಗುರುತಿಸಿದ್ದಾರೆ. ಅದರಲ್ಲಿ ಶಾಲೆಯ ಹಿರಿಯ ವಿದ್ಯಾರ್ಥಿಗಳ ಕೈ ಇದೆ, ಅನ್ನಾ ಮಗ್ದಲೇನಾಳದು ಇದೆ, ಹಿರಿಯ ಮಕ್ಕಳಾದ ವಿಲ್ಹೆಲ್ಮ್ ಫ್ರೀಡೆಮಾನ್ ಮತ್ತು ಎಮಾನುಯೆಲ್ ಅವರದೂ ಇದೆ. ಒಂದೇ ಕ್ಯಾಂಟಾಟಾದ ಹಾಳೆಗಳಲ್ಲಿ ನಾಲ್ಕೈದು ಕೈಗಳು ಕಾಣುವುದುಂಟು. ಕೊನೆಗೆ ಬಾಖ್ ತಾನೇ ಕುಳಿತು ತಪ್ಪು ತಿದ್ದಿ ಏರಿಳಿತದ ಗುರುತುಗಳನ್ನು ಹಾಕಿರುವುದೂ ಕಾಣುತ್ತದೆ. ಮಕ್ಕಳು ಸಂಗೀತ ಕಲಿತ ಪಾಠಶಾಲೆ ಇದೇ ಎಂಬುದು ನನ್ನ ಅಭಿಪ್ರಾಯ. ಒಂಬತ್ತು ವರ್ಷದ ಫ್ರೀಡೆಮಾನ್‌ಗಾಗಿ 1720ರಲ್ಲಿ ಆರಂಭಿಸಿದ ಅಭ್ಯಾಸ ಪುಸ್ತಕದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದರೆ ಶನಿವಾರದೊಳಗೆ ತಂದೆಯ ಹೊಸ ರಚನೆಯನ್ನು ತಪ್ಪಿಲ್ಲದೆ ಪ್ರತಿಮಾಡುವ ಕೆಲಸ ಕಲಿಸಿದ್ದು ಅದಕ್ಕಿಂತ ಕಡಿಮೆಯದಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ಆರಂಭವಾದ ಆರಾಧನೆ ಮುಗಿಯುವಾಗ ಹತ್ತೂವರೆ ಹನ್ನೊಂದಾಗುತ್ತಿತ್ತು. ಚರ್ಚನ್ನು ಬಿಸಿಮಾಡುವ ಏರ್ಪಾಡಿಲ್ಲ. ಜನವರಿಯಲ್ಲಿ ಪಿಟೀಲು ಹಿಡಿದ ಬೆರಳುಗಳ ಪಾಡನ್ನು ನೀವೇ ಊಹಿಸಬಹುದು. ಸುವಾರ್ತೆಯ ಓದಿನ ನಂತರ ಕ್ಯಾಂಟಾಟಾ, ಆಮೇಲೆ ಒಂದು ಗಂಟೆಯ ಪ್ರಸಂಗ (ಉಪದೇಶ), ಆಮೇಲೆ ಕರ್ತನ ಭೋಜನ. ಕ್ಯಾಂಟಾಟಾ ಎರಡು ಭಾಗದ್ದಾದರೆ ಎರಡನೆಯದು ಪ್ರಸಂಗವಾದ ಮೇಲೆ. ಸಭೆಯವರ ಕೈಗೆ ಸಾಹಿತ್ಯದ ಅಚ್ಚಾದ ಕಿರುಪುಸ್ತಕ ಸಿಗುತ್ತಿತ್ತು, ಅದನ್ನು ಮೊದಲೇ ಚರ್ಚಿನ ಹಿರಿಯ ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಇದೇ ಸಮಯದಲ್ಲಿ ಇನ್ನೊಂದು ಮುಖ್ಯ ಚರ್ಚಿನಲ್ಲಿ ಎರಡನೆಯ ಗಾಯನ ತಂಡ ಹಿರಿಯ ವಿದ್ಯಾರ್ಥಿಯೊಬ್ಬನ ಮುಂದಾಳತ್ವದಲ್ಲಿ ಹಾಡುತ್ತಿತ್ತು.

ಬಾಖ್ ಕುಟುಂಬ ಲೈಪ್‌ಜಿಗ್‌ನಲ್ಲಿ ಕಂಡ ಮೊದಲ ಕ್ರಿಸ್ಮಸ್‌ನ ಲೆಕ್ಕ ನೋಡಿ. 1723ರ ಡಿಸೆಂಬರ್ 25ರಂದು ಕ್ಯಾಂಟಾಟಾ ಮತ್ತು ಸಂಜೆಯ ಆರಾಧನೆಗೆ ಮ್ಯಾಗ್ನಿಫಿಕಾಟ್ (ಯೇಸುವಿನ ತಾಯಿ ಮರಿಯಳ ಸ್ತುತಿಗೀತೆ), 26 ಮತ್ತು 27ರಂದು ಒಂದೊಂದು ಕ್ಯಾಂಟಾಟಾ, ಹೊಸ ವರ್ಷದ ದಿನ ಒಂದು, ಮರುದಿನವೇ ಭಾನುವಾರವಾದ್ದರಿಂದ ಇನ್ನೊಂದು, ಜನವರಿ 6ರ ಹಬ್ಬಕ್ಕೆ ಒಂದು, 9ರ ಭಾನುವಾರಕ್ಕೆ ಮತ್ತೊಂದು. ಇದರ ನಡುವೆ ಹುಡುಗರು ಹೊಸ ವರ್ಷದ ಕಾಣಿಕೆಗಾಗಿ ಬೀದಿ ಬೀದಿ ಹಾಡಿಕೊಂಡು ಹೋಗಬೇಕಿತ್ತು. ಜನವರಿ 2ರ ಕ್ಯಾಂಟಾಟಾದಲ್ಲಿ ಬಾಖ್ ದೊಡ್ಡ ಸಮೂಹಗಾನವನ್ನೇ ಇಟ್ಟಿಲ್ಲ. ತಂಡದವರಿಗೆ ಮೂರು ಸರಳ ಕೋರಲ್‌ಗಳು ಮಾತ್ರ, ಉಳಿದದ್ದೆಲ್ಲ ಒಂಟಿ ಗಾಯಕರಿಗೆ. ಈ ವಿನ್ಯಾಸದ ಹಿಂದೆ ದೈವಶಾಸ್ತ್ರದ ಗೂಢಾರ್ಥ ಹುಡುಕುವುದಕ್ಕಿಂತ ಹುಡುಗರ ಗಂಟಲು ಸೋತಿದ್ದನ್ನು ನೆನೆಯುವುದು ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ.

ಗಾಯನ ತಂಡದಲ್ಲಿರುವ ನಿಮಗೆ ಅನ್ನಾ ಮಗ್ದಲೇನಾಳ ವಿಷಯ ವಿಶೇಷವಾಗಿ ಹೇಳಬೇಕು. ಆಕೆ ಕ್ಯೋಟನ್ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದ ವೃತ್ತಿಪರ ಗಾಯಕಿ. ಇಪ್ಪತ್ತರ ಹರೆಯದಲ್ಲಿ ಮದುವೆಯಾಗಿ ನಾಲ್ಕು ಮಲಮಕ್ಕಳ ತಾಯಿಯಾದಳು. ಲೈಪ್‌ಜಿಗ್‌ನ ಚರ್ಚುಗಳಲ್ಲಿ ಹೆಂಗಸರು ಕ್ಯಾಂಟಾಟಾ ಹಾಡುವಂತಿರಲಿಲ್ಲ, ಅತಿ ಎತ್ತರದ ಧ್ವನಿಯ ಸೊಪ್ರಾನೊ ಭಾಗವೂ ಹುಡುಗರದೇ. ಹೀಗಾಗಿ ಗಂಡ ಬರೆದ ಸೊಪ್ರಾನೊ ಗೀತೆಗಳನ್ನು ಪ್ರತಿಮಾಡಿಕೊಡುತ್ತಿದ್ದ ಆಕೆ ಅವನ್ನು ಆರಾಧನೆಯಲ್ಲಿ ಕೂತು ಕೇಳಬೇಕಾಗಿತ್ತೇ ಹೊರತು ಹಾಡುವಂತಿರಲಿಲ್ಲ. ಮನೆಯಲ್ಲಿ ಮಾತ್ರ ಹಾಡುತ್ತಿದ್ದಳು. 1730ರ ಅಕ್ಟೋಬರ್ 28ರಂದು ಹಳೆಯ ಸಹಪಾಠಿ ಗೇಯೋರ್ಗ್ ಎರ್ಡ್‌ಮಾನ್‌ಗೆ ಬರೆದ ಪತ್ರದಲ್ಲಿ ಬಾಖ್, ತನ್ನ ಮಕ್ಕಳೆಲ್ಲ ಹುಟ್ಟು ಸಂಗೀತಗಾರರು, ಮನೆಯವರಿಂದಲೇ ಗಾಯನ ವಾದನಗಳ ಕಚೇರಿ ನಡೆಸಬಲ್ಲೆ, ಹೆಂಡತಿ ಒಳ್ಳೆಯ ಸೊಪ್ರಾನೊ, ಹಿರಿಯ ಮಗಳೂ ಪರವಾಗಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. 1725ರಲ್ಲಿ ಅವಳಿಗಾಗಿ ಆರಂಭವಾದ ಸಂಗೀತದ ಪುಸ್ತಕದಲ್ಲಿ ಕೋರಲ್‌ಗಳೂ ಕುಣಿತದ ತುಣುಕುಗಳೂ ಬೇರೆಯವರ ರಚನೆಗಳೂ ಮಗ ಎಮಾನುಯೆಲ್‌ನ ಮೊದಲ ಪ್ರಯತ್ನಗಳೂ ಅಕ್ಕಪಕ್ಕದಲ್ಲಿವೆ. ಪಿಯಾನೊ ಕಲಿಯುವ ಮಕ್ಕಳೆಲ್ಲ ಬಾಖ್‌ನದೆಂದು ನುಡಿಸುವ ಜಿ ಮೇಜರ್ ಮಿನುಯೆಟ್ ಈ ಪುಸ್ತಕದ್ದೇ. ಅದು ವಾಸ್ತವದಲ್ಲಿ ಕ್ರಿಶ್ಚಿಯನ್ ಪೆಟ್ಸೋಲ್ಡ್ ಎಂಬವನ ರಚನೆ. ಆಕೆಗೆ ಹೂಗಿಡಗಳ ಮತ್ತು ಹಾಡುಹಕ್ಕಿಗಳ ಹುಚ್ಚು. ಎಲಿಯಾಸ್ ಬರೆದ ಪತ್ರಗಳಲ್ಲಿ ಅವಳಿಗಾಗಿ ಹಳದಿ ಕಾರ್ನೇಷನ್ ಸಸಿಗಳನ್ನೂ ಒಂದು ಹಾಡುವ ಹಕ್ಕಿಯನ್ನೂ ತರಿಸಲು ಪಟ್ಟ ಪಾಡು ದಾಖಲಾಗಿದೆ.

ಅದೇ ಎರ್ಡ್‌ಮಾನ್ ಪತ್ರದಲ್ಲಿ ಹಣದ ಮಾತೂ ಬರುತ್ತದೆ, ಮತ್ತು ಅದರಲ್ಲಿ ಬಾಖ್ ಸಂಕೋಚಪಡುವುದಿಲ್ಲ. ನಿಗದಿತ ಸಂಬಳ ವರ್ಷಕ್ಕೆ ಸುಮಾರು 100 ಥಾಲರ್, ಬಾಡಿಗೆಯಿಲ್ಲದ ಮನೆ, ಸ್ವಲ್ಪ ಧಾನ್ಯ ಮತ್ತು ಸೌದೆ. ಮಿಕ್ಕದ್ದೆಲ್ಲ ಮದುವೆ ಮತ್ತು ಶವಸಂಸ್ಕಾರಗಳ ಸಂಭಾವನೆ. ಎಲ್ಲ ಸೇರಿ ಸುಮಾರು 700 ಥಾಲರ್. ಶವಯಾತ್ರೆಯ ಮುಂದೆ ಶಾಲೆಯ ಹುಡುಗರು ಹಾಡುತ್ತ ನಡೆಯುತ್ತಿದ್ದರು. ಇಡೀ ಶಾಲೆ, ಅರ್ಧ ಶಾಲೆ, ಕಾಲು ಶಾಲೆ ಎಂದು ಮನೆಯವರ ಶಕ್ತ್ಯನುಸಾರ ದರವಿತ್ತು. ಹವೆ ಚೆನ್ನಾಗಿದ್ದು ಊರಿನಲ್ಲಿ ಸಾವು ಕಡಿಮೆಯಾದರೆ ಆದಾಯವೂ ಇಳಿಯುತ್ತದೆ, ಹಿಂದಿನ ವರ್ಷ ಇದರಿಂದ ನೂರಕ್ಕೂ ಹೆಚ್ಚು ಥಾಲರ್ ನಷ್ಟವಾಯಿತು ಎಂದು ಅವನು ಬರೆಯುತ್ತಾನೆ. ತನ್ನ ಮನೆಯಿಂದಲೇ ಅಷ್ಟು ಮಕ್ಕಳನ್ನು ಸಮಾಧಿಗೆ ಕಳಿಸಿದ ತಂದೆ ಹೀಗೆ ಬರೆದನೇ ಎಂದು ಓದುಗರು ಬೆಚ್ಚುವುದುಂಟು. ಆದರೆ ಆ ಹಣದಿಂದಲೇ ಮನೆ ನಡೆಯಬೇಕಿತ್ತು. ಸಾವು ಅವನಿಗೆ ದುಃಖವೂ ಆಗಿತ್ತು, ಕರ್ತವ್ಯವೂ ಆಗಿತ್ತು, ವರಮಾನವೂ ಆಗಿತ್ತು. ಲೆಕ್ಕಾಚಾರದ ಈ ಗುಣ ಕೊನೆಯವರೆಗೂ ಹೋಗಲಿಲ್ಲ: 1748ರಲ್ಲಿ ಎಲಿಯಾಸ್ ಪ್ರೀತಿಯಿಂದ ಕಳಿಸಿದ ದ್ರಾಕ್ಷಾರಸದ ಪೀಪಾಯಿಯಿಂದ ದಾರಿಯಲ್ಲಿ ಒಂದಿಷ್ಟು ಸೋರಿಹೋದಾಗ, ಬಾಖ್ ಸಾಗಣೆ, ಸುಂಕಗಳನ್ನೆಲ್ಲ ಕಾಸು ಬಿಡದೆ ಪಟ್ಟಿಮಾಡಿ, ಉಡುಗೊರೆಯಾಗಿ ಇದು ಬಲು ದುಬಾರಿ, ಇನ್ನು ಕಳಿಸಬೇಡ ಎಂದು ತಿಳಿಸಿದ.

ಚರ್ಚಿನವರೊಡನೆ ಸಂಬಂಧ ಸದಾ ಸೌಹಾರ್ದದ್ದಾಗಿತ್ತೆಂದು ಭಾವಿಸಬೇಡಿ. 1728ರಲ್ಲಿ ಒಬ್ಬ ಉಪದೇಶಕರು ತಮ್ಮ ಆರಾಧನೆಯ ಗೀತೆಗಳನ್ನು ತಾವೇ ಆರಿಸತೊಡಗಿದಾಗ ಬಾಖ್, ಗೀತೆ ಆರಿಸುವುದು ಕಾಂಟೊರ್‌ನ ಹಕ್ಕೆಂದು ನಗರಸಭೆಗೆ ದೂರಿತ್ತ. (ಈ ಜಗಳ ಇಂದಿನ ಗಾಯನ ತಂಡಗಳಿಗೂ ಹೊಸದಲ್ಲವೆಂದು ಕೇಳಿಬಲ್ಲೆ.) 1730ರ ಆಗಸ್ಟ್‌ನಲ್ಲಿ ಅದೇ ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ತನ್ನ ಹುಡುಗರನ್ನು ವಿಂಗಡಿಸಿದ್ದಾನೆ: 17 ಮಂದಿ ಉಪಯುಕ್ತರು, 20 ಮಂದಿ ಇನ್ನೂ ತಯಾರಾಗಬೇಕಾದವರು, 17 ಮಂದಿ ಸಂಗೀತಕ್ಕೆ ತಕ್ಕವರೇ ಅಲ್ಲ. ಒಂದು ತಂಡಕ್ಕೆ ಕನಿಷ್ಠ 12, ಸಾಧ್ಯವಾದರೆ 16 ಗಾಯಕರು ಬೇಕೆಂಬುದು ಅವನ ಅಪೇಕ್ಷೆಯಾಗಿತ್ತು.

ಹಾಗಾದರೆ ಇದೆಲ್ಲ ಬರೀ ನೌಕರಿಯೋ, ಭಕ್ತಿಯೋ? ಬಾಖ್‌ನ ಸ್ವಂತ ಬೈಬಲ್ ಇಂದು ಅಮೆರಿಕದ ಸೇಂಟ್ ಲೂಯಿಸ್‌ನ ಲೂಥರನ್ ದೈವಶಾಸ್ತ್ರ ಶಾಲೆಯಲ್ಲಿದೆ. ದೈವಶಾಸ್ತ್ರಜ್ಞ ಕಾಲೋವ್‌ನ ವ್ಯಾಖ್ಯಾನವಿರುವ ಆ ಮೂರು ಸಂಪುಟಗಳಲ್ಲಿ ಬಾಖ್ 1733 ಎಂದು ವರ್ಷ ನಮೂದಿಸಿ ಸಹಿ ಹಾಕಿದ್ದಾನೆ, ಅಚ್ಚಿನ ತಪ್ಪುಗಳನ್ನು ತಿದ್ದಿದ್ದಾನೆ, ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾನೆ. ದಾವೀದನು ದೇವಾಲಯದ ಸಂಗೀತಗಾರರನ್ನು ನೇಮಿಸಿದ ಒಂದನೆಯ ಪೂರ್ವಕಾಲವೃತ್ತಾಂತದ 25ನೆಯ ಅಧ್ಯಾಯದ ಬಳಿ, ದೇವರಿಗೆ ಮೆಚ್ಚಿಗೆಯಾದ ಎಲ್ಲ ಚರ್ಚ್ ಸಂಗೀತಕ್ಕೂ ಇದೇ ನಿಜವಾದ ಬುನಾದಿ ಎಂಬರ್ಥದ ಮಾತಿದೆ. ಆ ಅಧ್ಯಾಯವನ್ನು ತೆರೆದು ನೋಡಿ: ಆಸಾಫ, ಹೇಮಾನ, ಯೆದೂತೂನರು ತಮ್ಮ ಮಕ್ಕಳೊಡನೆ, ತಂದೆಯ ಮೇಲ್ವಿಚಾರಣೆಯಲ್ಲಿ ಮಕ್ಕಳು, ಸರದಿಯ ಪ್ರಕಾರ ಸೇವೆಗೆ ನಿಂತ ಪಟ್ಟಿ ಅದು. ತಲೆತಲಾಂತರದಿಂದ ಜರ್ಮನಿಯ ತೂರಿಂಗಿಯಾ ಪ್ರಾಂತದ ಊರೂರಲ್ಲಿ ಸಂಗೀತಗಾರರಾಗಿದ್ದ ಮನೆತನದವನಿಗೆ, ಮಕ್ಕಳಿಂದ ಪ್ರತಿಮಾಡಿಸಿ ಆರಾಧನೆ ನಡೆಸುತ್ತಿದ್ದವನಿಗೆ, ಆ ಪಟ್ಟಿಯಲ್ಲಿ ತನ್ನ ಮನೆಯೇ ಕಂಡಿರಬೇಕು. ನೇಮಿಸಿದ ಕೆಲಸವನ್ನು ನೆಟ್ಟಗೆ ಮಾಡುವುದೇ ದೇವರ ಸೇವೆ ಎಂಬುದು ಲೂಥರ್‌ನ ಬೋಧನೆಯ ತಿರುಳುಗಳಲ್ಲೊಂದು. ನೌಕರಿಯೋ ಭಕ್ತಿಯೋ ಎಂಬ ಆಯ್ಕೆಯೇ ಬಾಖ್‌ನ ಮುಂದೆ ಇರಲಿಲ್ಲ.

1750ರ ಜುಲೈ 28ರಂದು ಬಾಖ್ ತೀರಿಕೊಂಡಾಗ ಹುದ್ದೆಯೊಡನೆ ಮನೆಯೂ ಹೋಯಿತು. ಬಿಡಾರದಲ್ಲಿರಲು ವಿಧವೆಗೆ ಆರು ತಿಂಗಳ ಅವಕಾಶ ಸಿಕ್ಕಿತು. ಕೋರಲ್ ಕ್ಯಾಂಟಾಟಾಗಳ ಗಾಯನ ವಾದನದ ಹಾಳೆಗಳನ್ನು ಆಕೆ ಶಾಲೆಗೆ ಒಪ್ಪಿಸಿದಳು. ಹದಿನಾಲ್ಕರ ಯೋಹಾನ್ ಕ್ರಿಶ್ಚಿಯನ್ ಅಣ್ಣ ಎಮಾನುಯೆಲ್‌ನೊಡನೆ ಬರ್ಲಿನ್‌ಗೆ ಹೋದ, ಬುದ್ಧಿ ಪೂರ್ತಿ ಬೆಳೆಯದಿದ್ದ ಗಾಟ್‌ಫ್ರೀಡ್ ಹೈನ್ರಿಖ್‌ನನ್ನು ತಂಗಿ ಮತ್ತು ಅವಳ ಗಂಡ ನೌಂಬುರ್ಗ್‌ನಲ್ಲಿ ನೋಡಿಕೊಂಡರು. ಅನ್ನಾ ಮಗ್ದಲೇನಾ 1760ರಲ್ಲಿ ಧರ್ಮಾರ್ಥದ ಹಣದಲ್ಲಿ ಬದುಕುತ್ತಿದ್ದವಳಾಗಿಯೇ ಕಣ್ಣುಮುಚ್ಚಿದಳು.

ಕಡೆಯದಾಗಿ ಕನ್ನಡದ ನಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶುದ್ಧ ಲೂಥರನ್ ಸಂಸ್ಥೆಯಲ್ಲ. ಅದರಲ್ಲಿ ಲೂಥರನ್ನರೂ ರಿಫಾರ್ಮ್ಡ್, ಎಂದರೆ ಕ್ಯಾಲ್ವಿನ್, ಪಂಥದವರೂ ಸೇರಿದ್ದರು. ಆದರೂ ಅದರ ಮಿಶನರಿಗಳಲ್ಲಿ ಅನೇಕರು ಲೂಥರನ್ ನಾಡಾದ ವ್ಯೂರ್ಟೆಂಬರ್ಗ್‌ನವರು. ಅವರು ಕನ್ನಡಕ್ಕೆ ತಂದ ಗೀತೆಗಳ ಜೊತೆ ಜರ್ಮನ್ ಕೋರಲ್ ರಾಗಗಳೂ ಬಂದವು. ಆ ರಾಗಗಳನ್ನು ಬಾಖ್ ರಚಿಸಲಿಲ್ಲ, ಅವನ ಕಾಲಕ್ಕೆ ಅವು ಆಗಲೇ ಹಳೆಯವು. ಅವನು ಮಾಡಿದ್ದು ಅವುಗಳಿಗೆ ನಾಲ್ಕು ಧ್ವನಿಗಳ ಹೊಂದಾಣಿಕೆ. ಸಂತ ಮತ್ತಾಯನ ಸುವಾರ್ತೆಯ ಆಧಾರದ ಅವನ ಶ್ರಮೆಗಳ ಸಂಗೀತದಲ್ಲಿ ಐದು ಬಾರಿ ಬರುವ ರಾಗ ಮೂಲದಲ್ಲಿ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ಮಗ ಎಮಾನುಯೆಲ್ ಮತ್ತು ಶಿಷ್ಯ ಕಿರ್ನ್‌ಬರ್ಗರ್ ಅವರ ಪ್ರಯತ್ನದಿಂದ 1784 ಮತ್ತು 1787ರ ನಡುವೆ ಇಂಥ ಸುಮಾರು 370 ಕೋರಲ್‌ಗಳು ಅಚ್ಚಾದವು, ಇಂದಿಗೂ ಸುಲಭವಾಗಿ ಸಿಗುತ್ತವೆ. ನಿಮ್ಮ ಗೀತಪುಸ್ತಕದ ರಾಗಸಹಿತ ಪ್ರತಿಯಲ್ಲಿ ಗೀತೆಯ ಮೇಲೆ ರಾಗದ ಜರ್ಮನ್ ಹೆಸರು ಅಚ್ಚಾಗಿದ್ದರೆ, ಅದೇ ಹೆಸರನ್ನು ಆ ಸಂಗ್ರಹದ ಅನುಕ್ರಮಣಿಕೆಯಲ್ಲಿ ಹುಡುಕಿ. ಸಿಕ್ಕರೆ ಮೊದಲು ನಡುವಿನ ಎರಡು ಧ್ವನಿಗಳಾದ ಆಲ್ಟೊ ಮತ್ತು ಟೆನರ್ ಭಾಗಗಳನ್ನು ಬೇರೆಯಾಗಿ ಹಾಡಿಸಿ ನೋಡಿ, ಏಕೆಂದರೆ ಬಾಖ್‌ನ ಕೋರಲ್‌ಗಳಲ್ಲಿ ಕಷ್ಟವಿರುವುದು ಅಲ್ಲಿ. ಕನ್ನಡದ ಪದಗಳ ಗಣ ಹೊಂದದ ಕಡೆ ಸ್ವರವನ್ನು ಎರಡಾಗಿ ಒಡೆದು ಹಾಡಿದರೆ ಅಭ್ಯಂತರವಿಲ್ಲ.